ಬೆಳ್ಳಿಯ ತವರುಮನೆ

ಕನ್ನಡ ಪಾಠ ಹೇಳಿ ಜೀವನ ಸಾಗಿಸುವವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಊರಿನ ಹೆಸರು ಕಿವಿಗೆ ಬಿದ್ದೊಡನೆ ಅವನು ಊರನ್ನು ಬಿಟ್ಟು ಹೆಸರನ್ನು ಹಿಡಿದುಕೊಳ್ಳುತ್ತಾನೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪವಾಗಿ, ಕೊಕ್ಕರೆ ಬೆಳ್ಳೂರೆಂಬ ಹಳ್ಳಿಯಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಬಂದು, ಊರ ನಡುವಿನ ಹುಣಿಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಬೆಳೆಸಿಕೊಂಡು ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರ ಭಾವನೆ. ಆದುದರಿಂದ ಅವುಗಳಿಗೆ ಕೇಡು ಬಗೆಯುವವರಿಲ್ಲ. ೨೦೦೭ರಲ್ಲಿ ಸರ್ಕಾರ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರಿನವರು ಅದಕ್ಕೂ ಬಹಳ ಹಿಂದೆಯೇ ಮನಸ್ಸಿನಲ್ಲಿ ಹಾಗೆ ಘೋಷಿಸಿಕೊಂಡಿದ್ದರು.

ಈ ಬೆಳ್ಳೂರಿಗೂ ಬೆಳ್ಳಿಗೂ ನಂಟು ಹಚ್ಚುವ ಧೈರ್ಯ ನನಗಿಲ್ಲ. ನಾಡಿನಲ್ಲಿ ಬೆಳ್ಳೂರುಗಳು ಹಲವು. ಒಂದೊಂದರ ಹೆಸರಿಗೂ ಒಂದೊಂದು ಕಾರಣವಿದ್ದೀತು. ಆದರೆ ‘ಬೆಳ್’ ಎಂಬ ಧಾತುವನ್ನು ಕೇಳಿದ ಕಿವಿಗೆ ಅದರ ಮಕ್ಕಳು ಮರಿಗಳೆಲ್ಲ ನೆನಪಾಗದೆ ಇರುವುದಿಲ್ಲ. ಬೆಳಕು, ಬೆಳಗು, ಬೆಳುದಿಂಗಳು, ಬೆಳ್ಳಕ್ಕಿ, ಬೆಳ್ಳಿ. ಹೊಳೆಯುವುದು ಯಾವುದಿದೆಯೋ, ಬಿಳಿದು ಯಾವುದಿದೆಯೋ, ಅದಕ್ಕೆಲ್ಲ ನಮ್ಮ ಹಿರಿಯರು ಒಂದೇ ಬೇರಿನಿಂದ ಹೆಸರು ಕೊಟ್ಟರು. ಚಿನ್ನಕ್ಕೆ ‘ಪೊನ್’ ಎಂದರು. ಅದೇ ಇಂದಿನ ಹೊನ್ನು. ಕಬ್ಬಿಣವೆಂಬುದು ಕರಿಯ ಪೊನ್ ಎಂದು ಪಂಡಿತರು ಬಿಡಿಸಿ ಹೇಳುತ್ತಾರೆ. ಇನ್ನು ಸೀಸಕ್ಕೆ ಬಂದರೆ ನಾವು ಬಳಸುವುದು ಸಂಸ್ಕೃತದಿಂದ ಬಂದ ಪದ. ಅದನ್ನಾದರೂ ಸರಿಯಾಗಿ ಬಳಸಿದ್ದೇವೆಯೇ ಎಂದರೆ, ಮಕ್ಕಳು ಬರೆಯುವ ಸೀಸದ ಕಡ್ಡಿಯಲ್ಲಿ ಸೀಸದ ಸುಳಿವೇ ಇಲ್ಲ; ಅದರೊಳಗಿರುವುದು ಒಂದು ಬಗೆಯ ಇಂಗಾಲ.

ಹೆಸರಿನಲ್ಲಿ ಇಷ್ಟು ಅನಾದರಕ್ಕೆ ಗುರಿಯಾದ ಈ ಸೀಸವೇ ಬೆಳ್ಳಿಯ ತವರುಮನೆ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ತವರುಮನೆ ಮಾತ್ರವಲ್ಲ, ಬೆಳ್ಳಿಬಂಗಾರಗಳಿಗೆ ಅದು ಅಗಸನೂ ಹೌದು, ನ್ಯಾಯಾಧೀಶನೂ ಹೌದು. ನಮ್ಮ ಮೈಮೇಲಿನ ಒಡವೆಯ ಚರಿತ್ರೆಯನ್ನು ಅದರ ಮೂಲದವರೆಗೆ ಹಿಂಬಾಲಿಸಿಕೊಂಡು ಹೋದರೆ ಎಲ್ಲಿಯೋ ಒಂದು ಕಡೆ ಕರಗಿದ ಸೀಸದ ಮಡು ಎದುರಾಗುತ್ತದೆ. ಆ ಮಡುವಿನ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಚಿನ್ನ ಬಿಡಿ ಲೋಹವಾಗಿಯೇ ಭೂಮಿಯಲ್ಲಿ ದೊರೆಯುವುದುಂಟು. ಹೊಳೆಯ ಮರಳಿನಲ್ಲಿ ಕಣವಾಗಿ ಸಿಕ್ಕುತ್ತದೆ. ಬೆಣಚುಕಲ್ಲಿನ ಎಳೆಯಲ್ಲಿ ಸಿಕ್ಕುತ್ತದೆ. ಬೆಳ್ಳಿಯ ಸ್ವಭಾವ ಹಾಗಲ್ಲ. ಅದು ಬಿಡಿಯಾಗಿ ಕಣ್ಣಿಗೆ ಬೀಳುವುದು ಅಪರೂಪ. ಪ್ರಾಚೀನ ಪ್ರಪಂಚದ ಬೆಳ್ಳಿಯ ಬಹುಭಾಗ ಬಂದದ್ದು ಸೀಸದ ಅದಿರಿನಿಂದ. ಸೀಸವೂ ಗಂಧಕವೂ ಕೂಡಿದ, ಬೂದುಬಣ್ಣದ, ಭಾರವಾದ, ಒಡೆದರೆ ಘನಾಕಾರವಾಗಿ ಸಿಡಿದು ಮಿನುಗುವ ಆ ಅದಿರಿನೊಳಗೆ ಬೆಳ್ಳಿ ಕಣ್ಣಿಗೆ ಕಾಣದಂತೆ ಸೇರಿಕೊಂಡಿರುತ್ತದೆ. ಟನ್ನಿಗೆ ಕೆಲವು ನೂರು ಗ್ರಾಂ ಇದ್ದರೂ ಅದು ಸಮೃದ್ಧಿಯೇ.

ಇಷ್ಟು ಅಲ್ಪವಾದುದನ್ನು ಅಷ್ಟು ಅಧಿಕವಾದುದರಿಂದ ಬೇರ್ಪಡಿಸುವ ಬಗೆ ಹೇಗೆ? ಅದಿರನ್ನು ಮೊದಲು ಸುಟ್ಟು ಗಂಧಕವನ್ನು ಹೊಗೆಯಾಗಿ ಕಳೆಯುತ್ತಾರೆ. ಬಳಿಕ ಇದ್ದಿಲಿನೊಡನೆ ಕುಲುಮೆಗೆ ಹಾಕಿ ತಿದಿಯೊತ್ತುತ್ತಾರೆ. ಮಣ್ಣು, ಕಲ್ಲು, ಕಬ್ಬಿಣ ಇವು ಕರಗಿ ಕಿಟ್ಟವಾಗಿ ಮೇಲೆ ತೇಲುತ್ತವೆ. ನೀರಿಗಿಂತ ಹನ್ನೊಂದು ಪಟ್ಟು ಭಾರವಾದ ಸೀಸ ತಳದಲ್ಲಿ ಸೇರುತ್ತದೆ. ಈ ಗದ್ದಲದಲ್ಲಿ ಬೆಳ್ಳಿಯೂ ಚಿನ್ನವೂ ಯಾರ ಪಕ್ಷ ವಹಿಸುತ್ತವೆ? ಅವು ಕಿಟ್ಟದ ಕಡೆಗೆ ತಿರುಗಿಯೂ ನೋಡುವುದಿಲ್ಲ. ಸಕ್ಕರೆ ನೀರಿನಲ್ಲಿ ಕರಗುವಂತೆ ಕರಗಿದ ಸೀಸದಲ್ಲಿ ಕರಗಿ, ಅದರೊಡನೆ ತಳಕ್ಕಿಳಿಯುತ್ತವೆ. ಬೆಳ್ಳಿ ಕರಗಲು ಸುಮಾರು ೯೬೨ ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು, ಚಿನ್ನಕ್ಕೆ ೧೦೬೪ ಡಿಗ್ರಿ ಬೇಕು. ಸೀಸ ೩೨೭ ಡಿಗ್ರಿಗೇ ಕರಗುತ್ತದೆ. ಮೊದಲು ತಾನು ಕರಗಿ, ಇನ್ನೂ ಗಟ್ಟಿಯಾಗಿರುವವರನ್ನು ತನ್ನೊಳಗೆ ಎಳೆದುಕೊಳ್ಳುವುದು ಸೀಸದ ಗುಣ. ಕುಲುಮೆಯಿಡೀ ಚದುರಿಹೋಗಿದ್ದ ಬೆಳ್ಳಿಬಂಗಾರದ ಕಣಗಳನ್ನು ಅದು ಹೀಗೆ ಬಾಚಿ ಒಂದೆಡೆ ಕೂಡಿಸುತ್ತದೆ.

ಕೂಡಿಸುವುದು ಅರ್ಧ ಕೆಲಸ, ಇನ್ನರ್ಧ ಬಿಡಿಸುವುದು. ಮೂಳೆಯನ್ನು ಸುಟ್ಟು ಬಂದ ಬೂದಿಯನ್ನು ನಾದಿ, ಅದರಿಂದ ಒಂದು ತಗ್ಗಾದ ಬಟ್ಟಲನ್ನು ಮಾಡುತ್ತಾರೆ. ಬೆಳ್ಳಿಯನ್ನು ಒಡಲಲ್ಲಿಟ್ಟುಕೊಂಡ ಸೀಸವನ್ನು ಅದರಲ್ಲಿರಿಸಿ, ಕೆಂಡದ ಕಾವಿನಲ್ಲಿ ಗಾಳಿಯಾಡುವಂತೆ ಕಾಯಿಸುತ್ತಾರೆ. ಸೀಸಕ್ಕೆ ಪ್ರಾಣವಾಯುವಿನ ಮೋಹ ಬಹಳ. ಅದು ಗಾಳಿಯಿಂದ ಪ್ರಾಣವಾಯುವನ್ನು ಹೀರಿ ಭಸ್ಮವಾಗುತ್ತದೆ. ರಸಾಯನಶಾಸ್ತ್ರದವರು ಲಿಥಾರ್ಜ್ ಎನ್ನುವ ಈ ಭಸ್ಮ ಆ ಕಾವಿನಲ್ಲಿ ಎಣ್ಣೆಯಂತೆ ದ್ರವವಾಗಿರುತ್ತದೆ. ಮೂಳೆಬೂದಿಯ ಬಟ್ಟಲು ಅದನ್ನು ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿಕೊಳ್ಳುತ್ತದೆ. ತಾಮ್ರ ಮೊದಲಾದ ಕೀಳು ಲೋಹಗಳಿದ್ದರೆ ಅವನ್ನೂ ಈ ಭಸ್ಮ ತನ್ನೊಡನೆ ಕರೆದುಕೊಂಡು ಹೋಗುತ್ತದೆ. ಬೆಳ್ಳಿಗೂ ಚಿನ್ನಕ್ಕೂ ಪ್ರಾಣವಾಯುವಿನ ಮೋಹವಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅವೆರಡು ಮಾತ್ರ ಬಟ್ಟಲಿನಲ್ಲಿ ಉಳಿಯುತ್ತವೆ. ಕೊನೆಯ ಸೀಸದ ಪೊರೆ ಸರಿಯುವ ಗಳಿಗೆಯಲ್ಲಿ ಆ ಗುಂಡಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಓಡಾಡಿ, ಫಕ್ಕನೆ ಒಂದು ಮಿಂಚು ಹೊಳೆಯುತ್ತದೆ. ಬೆಳ್ಳಿ ಬಂತೆಂಬುದಕ್ಕೆ ಆ ಮಿಂಚೇ ಗುರುತು. ಬಳಿಕ ಒಮ್ಮೆಲೇ ತಣಿಸಿದರೆ ಬೆಳ್ಳಿ ಉಗುಳುತ್ತದೆ ಎನ್ನುವುದೂ ಉಂಟು. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು ಇಪ್ಪತ್ತು ಪಟ್ಟು ಪ್ರಾಣವಾಯುವನ್ನು ಉಸಿರಿನಂತೆ ಒಳಗೆ ಹಿಡಿದಿಟ್ಟಿರುತ್ತದೆ. ಗಟ್ಟಿಯಾಗುವಾಗ ಅದನ್ನು ಹೊರಚೆಲ್ಲುವ ಭರದಲ್ಲಿ ಮೈಮೇಲೆ ಸಣ್ಣ ಮೊಗ್ಗುಗಳು ಏಳುತ್ತವೆ. ಬೂದಿಯ ಬಟ್ಟಲಿನೊಳಗೆ ಹೋದದ್ದೆಲ್ಲ ಸೀಸವೇ ಎಂದೂ ತಿಳಿಯಬಾರದು. ಬೆಳ್ಳಿಯದೂ ನೂರಕ್ಕೆ ಒಂದೆರಡು ಪಾಲು ಅದರ ಜತೆಯಲ್ಲಿ ಹೋಗಿಬಿಡುತ್ತದೆ. ತವರಿನವರನ್ನು ಬೀಳ್ಕೊಡಲು ಬಾಗಿಲವರೆಗೆ ಹೋಗದೆ ಇರುವವರುಂಟೆ?

ಉಳಿದ ಗುಂಡಿನಲ್ಲಿ ಬೆಳ್ಳಿಯೂ ಚಿನ್ನವೂ ಕೂಡಿಯೇ ಇರುತ್ತವೆ. ಇವೆರಡರ ಜಗಳವನ್ನು ಬಿಡಿಸುವುದು ಸೀಸದ ಕೈಯಲ್ಲಾಗದು. ಅದಕ್ಕೆ ಹಿಂದೆ ಉಪ್ಪನ್ನು ಬಳಸುತ್ತಿದ್ದರು, ಈಗ ಪ್ರಬಲವಾದ ಆಮ್ಲವನ್ನು ಬಳಸುತ್ತಾರೆ. ಆಮ್ಲದಲ್ಲಿ ಬೆಳ್ಳಿ ಕರಗಿ, ಚಿನ್ನ ಉಳಿಯುತ್ತದೆ.

ಇದೆಲ್ಲ ಪಾಶ್ಚಾತ್ಯರಿಂದ ಬಂದ ವಿದ್ಯೆಯೆಂದು ತಿಳಿಯುವವರು ನಮ್ಮಲ್ಲಿ ಕಡಮೆಯಿಲ್ಲ. ಅಂಥವರನ್ನು ನಾನು ಮೈಸೂರಿಗೆ ಕರೆದೊಯ್ಯಬೇಕು. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ನೋಡಿದಾಗ, ಹೆಸರು ಮಾತ್ರ ಉಳಿದು ಗ್ರಂಥವೇ ಕಳೆದುಹೋಯಿತೆಂದು ಲೋಕ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಕಣ್ಣಿಗೆ ಬಿತ್ತು. ೧೯೦೯ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು. ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಹೊರಬಂತು. ರಾಜನೀತಿಯ ಗ್ರಂಥವೆಂದು ಅದನ್ನು ಹೊಗಳುವವರು ಅನೇಕರು. ಆದರೆ ಅದರ ಎರಡನೆಯ ಅಧಿಕರಣವನ್ನು ತೆರೆದು ನೋಡಿದರೆ ಒಬ್ಬ ಅಕ್ಕಸಾಲಿಗನ ಅಗ್ಗಿಷ್ಟಿಕೆಯ ಮುಂದೆ ಕುಳಿತಂತೆಯೇ ಆಗುತ್ತದೆ. ಅಲ್ಲಿ ಸುವರ್ಣಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಅವನ ಕಾರ್ಯಾಲಯದ ಹೆಸರು ‘ಅಕ್ಷಶಾಲೆ’. ಈ ಹೆಸರಿಗೂ ನಮ್ಮ ಅಕ್ಕಸಾಲೆಗೂ ಇರುವ ಬಳಗದ ಹೋಲಿಕೆಯನ್ನು ನಾನು ವಿವರಿಸಬೇಕಾದುದಿಲ್ಲ. ಗಟ್ಟಿಯಾಗಿ ಒಮ್ಮೆ ಉಚ್ಚರಿಸಿ ನೋಡಿದರೆ ಸಾಕು.

ಬಣ್ಣಗೆಟ್ಟ ಚಿನ್ನವನ್ನು, ಯಾವ ಕಲಬೆರಕೆಯಿಂದ ಅದು ಕೆಟ್ಟಿದೆಯೋ ಅದರ ನಾಲ್ಕರಷ್ಟು ಸೀಸವನ್ನು ಕೂಡಿಸಿ ಶುದ್ಧಿಮಾಡಬೇಕೆಂದು ಕೌಟಿಲ್ಯ ವಿಧಿಸುತ್ತಾನೆ. ಸೀಸದ ಅಂಶ ಉಳಿದು ಚಿನ್ನ ಬಿರುಕುಬಿಟ್ಟರೆ ಒಣಗಿದ ಬೆರಣಿಯ ಬೆಂಕಿಯಲ್ಲಿ ಊದಬೇಕು. ಒರಟಾಗಿ ಒಡೆದರೆ ಎಣ್ಣೆ ಸೆಗಣಿಗಳಲ್ಲಿ ಅದ್ದಬೇಕು. ಬೆಳ್ಳಿಗಾದರೆ ನಾಲ್ಕನೆಯ ಒಂದು ಪಾಲು ಸೀಸ ಸಾಕು. ಇನ್ನೂ ಮೇಲ್ತರದ ಬೆಳ್ಳಿ ಬೇಕಾದರೆ ಅದನ್ನು ಮೂಳೆ ಬೆರೆತ ಮೂಸೆಯಲ್ಲಿ ನಾಲ್ಕು ಸಲ, ಸಮಭಾಗ ಸೀಸದೊಡನೆ ನಾಲ್ಕು ಸಲ, ಹೀಗೆ ಒಟ್ಟು ಹದಿನೇಳು ಸಲ ಕಾಯಿಸಿ ಇಳಿಸಬೇಕು. ಮೂಳೆ, ಸೀಸ, ಬೆಂಕಿ. ಇಂದಿನ ಪ್ರಯೋಗಶಾಲೆಯಲ್ಲಿ ಕಾಣುವ ಮೂರು ಸಾಮಗ್ರಿಗಳೂ ಕ್ರಿಸ್ತಶಕದ ಆರಂಭದ ಆಚೀಚಿನ ಆ ಗ್ರಂಥದಲ್ಲಿ ಸಾಲಾಗಿ ನಿಂತಿವೆ.

ಅದೇ ಅಧಿಕರಣದ ಮುಂದಿನ ಅಧ್ಯಾಯವನ್ನು ಓದಿದಾಗ ನನಗೆ ನಗು ಬಂದಿತು. ಗಿರಾಕಿಯ ಚಿನ್ನವನ್ನು ಲಪಟಾಯಿಸುವ ಐದು ಉಪಾಯಗಳನ್ನು ಕೌಟಿಲ್ಯ ಅಲ್ಲಿ ಪಟ್ಟಿಮಾಡುತ್ತಾನೆ. ತಕ್ಕಡಿಯ ಮೋಸ ಒಂದು, ಬದಲಾಯಿಸುವುದು ಒಂದು. ಹಾಗೆಯೇ ‘ಪೇಟಕ’ವೆಂಬುದು ಒಂದು. ಸೀಸದ ಅಚ್ಚಿನ ಮೇಲೆ ಚಿನ್ನದ ತಗಡನ್ನು ಹೊದಿಸಿ ಭದ್ರವಾಗಿ ಅಂಟಿಸಿ ಇಡಿಯ ಚಿನ್ನವೆಂದು ತೋರಿಸುವುದು ಈ ಪೇಟಕದ ಒಂದು ಬಗೆ. ಹೀಗೆ ಒಂದು ಅಧ್ಯಾಯದಲ್ಲಿ ಚಿನ್ನದ ದೋಷವನ್ನು ಹೊರಗೆ ಹಾಕಿದ ಸೀಸ ಮುಂದಿನ ಅಧ್ಯಾಯದಲ್ಲಿ ತಾನೇ ಚಿನ್ನದ ವೇಷ ಹಾಕಿ ಕುಳಿತಿದೆ. ಕಳ್ಳನಿಗೂ ಪರೀಕ್ಷಕನಿಗೂ ಬೇಕಾದ ಲೋಹ ಇದೊಂದೇ ಇರಬಹುದು.

ಕನ್ನಡ ನೆಲದಲ್ಲಿ ಸೀಸ ವೇಷವಿಲ್ಲದೆಯೂ ಮೆರೆದ ಕಾಲವೊಂದಿತ್ತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನು ಮೈಸೂರಿನ ಪುರಾತತ್ವ ಇಲಾಖೆಯವರು ಮೊದಲು ಅಗೆದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತಿವೆ. ಅವುಗಳಲ್ಲಿ ಕೆಲವು ಮಹಾರಠಿಗಳೆಂಬ ಸ್ಥಳೀಯ ಅಧಿಪತಿಗಳವು. ಅತ್ತ ಕಾರವಾರದ ಕಡೆಯಲ್ಲಿಯೂ ಸೀಸದ ನಾಣ್ಯಗಳು ಸಿಕ್ಕಿವೆ. ಸಂತೆಯಲ್ಲಿ ಧಾನ್ಯ ಕೊಳ್ಳುವವನ ಕೈಯಲ್ಲಿ ಕಪ್ಪಗೆ, ತೂಕವಾಗಿ, ಉಗುರು ತಾಗಿದರೆ ಗೆರೆ ಬೀಳುವಷ್ಟು ಮೆತ್ತಗೆ ಇದ್ದ ನಾಣ್ಯಗಳವು. ಅದೇ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿಯ ದಿನಾರಿಗಳೂ ಸಿಕ್ಕಿದವು. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ಇಂಥ ರೋಮನ್ ಬೆಳ್ಳಿಯ ಒಂದು ನಿಧಿಯೇ ದೊರೆಯಿತು.

ಚಂದ್ರವಳ್ಳಿಯ ಸೀಸದ ಕಾಸನ್ನೂ ರೋಮಿನ ಬೆಳ್ಳಿಯ ನಾಣ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ಯೋಚಿಸಬೇಕು. ನೋಡುವವರಿಗೆ ಒಂದು ಬಡವರದು, ಒಂದು ಶ್ರೀಮಂತರದು. ಹುಟ್ಟನ್ನು ವಿಚಾರಿಸಿದರೆ ಆ ಶ್ರೀಮಂತನೂ ಸೀಸದ ಮಗನೇ. ರೋಮನರು ಸ್ಪೇನಿನ ಗಣಿಗಳಿಂದ ಬೆಳ್ಳಿಯನ್ನು ಪಡೆದದ್ದು ಇದೇ ಸೀಸದ ಮಡುವಿನ ವಿಧಾನದಿಂದ. ಅವರಿಗೆ ಮೊದಲು ಅಥೆನ್ಸಿನವರು ಲಾರಿಯಮ್ ಎಂಬಲ್ಲಿ ಸೀಸದ ಅದಿರಿನಿಂದ ಬೆಳ್ಳಿಯನ್ನು ತೆಗೆದು, ಆ ಹಣದಿಂದ ಹಡಗುಗಳನ್ನು ಕಟ್ಟಿಸಿ, ಕ್ರಿ. ಪೂ. ೪೮೦ರಲ್ಲಿ ಸಲಾಮಿಸ್ಸಿನ ಕಡಲಕದನದಲ್ಲಿ ಪಾರಸಿಕರನ್ನು ಸೋಲಿಸಿದ್ದರು. ರೋಮನರ ಬ್ರಿಟನ್ನಿನ ಗಣಿಗಳಲ್ಲಿ ಎರಕಹೊಯ್ದ ಸೀಸದ ಗಟ್ಟಿಗಳ ಮೇಲೆ, ಇದು ಬೆಳ್ಳಿಯ ಕಾರ್ಖಾನೆಯಿಂದ ಬಂದದ್ದು ಎಂಬರ್ಥದ ಅಕ್ಷರಗಳನ್ನು ಒತ್ತಿರುವುದುಂಟು. ಬೆಳ್ಳಿಯೇ ಬೆಳೆ, ಸೀಸ ಅದರ ಹುಲ್ಲು ಎಂಬಂತೆ ಅವರ ಲೆಕ್ಕ.

ಆ ಬೆಂಕಿಯಿಂದ ಎದ್ದ ಹೊಗೆ ಎಲ್ಲಿ ಹೋಯಿತು? ಇದಕ್ಕೆ ನಮ್ಮ ಕಾಲದಲ್ಲಿ ಉತ್ತರ ದೊರೆತಿದೆ. ಉತ್ತರ ಧ್ರುವದ ಸಮೀಪದ ಗ್ರೀನ್‌ಲೆಂಡಿನಲ್ಲಿ ವರ್ಷವರ್ಷವೂ ಬಿದ್ದ ಹಿಮ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂಡಿಕೊಂಡಿದೆ. ಅದನ್ನು ಆಳವಾಗಿ ಕೊರೆದು ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು, ಗ್ರೀಕರ ಮತ್ತು ರೋಮನರ ಕಾಲದ ಹಾಳೆಗಳಲ್ಲಿ ಸೀಸದ ಅಂಶ ಏರಿರುವುದನ್ನು ೧೯೯೪ರಲ್ಲಿ ಪ್ರಕಟಿಸಿದರು. ಯುದ್ಧಗಳಲ್ಲಿ, ಪಿಡುಗುಗಳಲ್ಲಿ ಗಣಿಯ ಕೆಲಸ ಕುಂದಿದ ವರ್ಷಗಳನ್ನು ಕೂಡ ಆ ಹಿಮದಲ್ಲಿ ಓದಬಹುದೆಂದು ೨೦೧೮ರ ಇನ್ನೊಂದು ಸಂಶೋಧನೆ ತೋರಿಸಿತು. ದಿನಾರಿ ಹಡಗು ಹತ್ತಿ ನಮ್ಮಲ್ಲಿಗೆ ಬಂತು; ಅದರ ಹೊಗೆ ಹಿಮದ ಮೇಲೆ ಹೋಗಿ ಮಲಗಿತು. ಎರಡೂ ಎರಡು ಸಾವಿರ ವರ್ಷ ಅಳಿಯದೆ ಉಳಿದವು. ಚರಿತ್ರೆಯನ್ನು ಬರೆಯುವವರು ಮಾತ್ರ ಬಹುಕಾಲ ನಾಣ್ಯವನ್ನಷ್ಟೆ ಓದಿದರು.

ಈಗ ನಮ್ಮ ಮಂಡ್ಯದ ಕಡೆಗೆ ಬರೋಣ. ಕೊಕ್ಕರೆ ಬೆಳ್ಳೂರಿನ ಹತ್ತಿರ ಹರಿಯುವ ಶಿಂಷೆ ಕೆಳಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮಕ್ಕೆ ಮೇಲೆ, ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಶಿವನಸಮುದ್ರದ ಜಲಪಾತವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಅಲ್ಲಿನ ವಿದ್ಯುದಾಗಾರ ೧೯೦೨ರ ಜೂನ್ ತಿಂಗಳಲ್ಲಿ ವಿದ್ಯುತ್ತನ್ನು ಕಳುಹಿಸಿತು. ಅದು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ; ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಮಂಡ್ಯ ಸೀಮೆಯ ಹಳ್ಳಿಗಳ ಜನ ಹರಳೆಣ್ಣೆಯ ದೀಪದಲ್ಲಿ ಕುಳಿತಿದ್ದಾಗ ಅವರ ನೆಲದ ನೀರು ಕೋಲಾರದಲ್ಲಿ ಕಲ್ಲನ್ನು ಕುಟ್ಟುತ್ತಿತ್ತು. ಜಾನ್ ಟೇಲರ್ ಕಂಪೆನಿಯವರು ೧೮೮೦ರ ದಶಕದಲ್ಲಿ ಹಿಡಿದ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಒಟ್ಟು ಸುಮಾರು ಎಂಟುನೂರು ಟನ್ ಚಿನ್ನವನ್ನು ಕೊಟ್ಟು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು.

ಕೋಲಾರದ ಚಿನ್ನವನ್ನು ತೆಗೆಯುತ್ತಿದ್ದುದು ಸೀಸದಿಂದಲ್ಲ. ಮೊದಮೊದಲು ಪಾದರಸದಿಂದ, ಆಮೇಲೆ ಸಯನೈಡಿನಿಂದಲೂ. ಆದರೆ ಯಾವ ಕಲ್ಲಿನಲ್ಲಿ ಎಷ್ಟು ಚಿನ್ನವಿದೆ ಎಂದು ನಿರ್ಣಯಿಸುವ ಪೀಠದಲ್ಲಿ ಕುಳಿತದ್ದು ಸೀಸವೇ. ಚಿನ್ನದ ಗಣಿಯಿದ್ದಲ್ಲೆಲ್ಲ ಪರೀಕ್ಷಾಲಯ ಇರುತ್ತದೆ. ಕಲ್ಲನ್ನು ನುಣ್ಣಗೆ ಅರೆದು, ಸುಮಾರು ಮೂವತ್ತು ಗ್ರಾಮಿನಷ್ಟು ಪುಡಿಯನ್ನು ತೂಗಿ, ಅದಕ್ಕೆ ಸೀಸದ ಭಸ್ಮ, ಸೋಡ, ಬಿಳಿಗಾರ ಇವನ್ನು ಬೆರೆಸುತ್ತಾರೆ. ಜೊತೆಗೆ ಒಂದು ಚಿಟಿಕೆ ಹಿಟ್ಟು; ನಮ್ಮ ಅಡಿಗೆಮನೆಯ ಗೋಧಿ ಹಿಟ್ಟೇ ಆದರೂ ಸರಿ. ಕುಲುಮೆಯಲ್ಲಿ ಹಿಟ್ಟು ಸುಟ್ಟು ಇಂಗಾಲವಾಗಿ ಭಸ್ಮದಿಂದ ಪ್ರಾಣವಾಯುವನ್ನು ಕಸಿದುಕೊಳ್ಳುತ್ತದೆ. ಆಗ ಸೀಸ ಮತ್ತೆ ಸೀಸವಾಗಿ ಹನಿಹನಿಯಾಗಿ ಇಳಿಯುತ್ತಾ ದಾರಿಯಲ್ಲಿ ಸಿಕ್ಕಿದ ಚಿನ್ನದ ಕಣಗಳನ್ನೆಲ್ಲ ಎತ್ತಿಕೊಂಡು ತಳ ಸೇರುತ್ತದೆ. ಆ ಸೀಸದ ಗುಂಡನ್ನು ಬೂದಿಯ ಬಟ್ಟಲಿನಲ್ಲಿರಿಸಿದರೆ, ಮುಂದಿನದು ನಾನು ಮೊದಲೇ ಹೇಳಿದ ಕಥೆ.

ಕೊನೆಗೆ ಉಳಿಯುವುದೆಷ್ಟು? ಟನ್ನಿಗೆ ಐದು ಗ್ರಾಂ ಚಿನ್ನವಿರುವ ಕಲ್ಲಾದರೆ, ಮೂವತ್ತು ಗ್ರಾಂ ಪುಡಿಯಲ್ಲಿ ಇರುವುದು ಒಂದು ಮಿಲಿಗ್ರಾಮಿನ ನೂರರಲ್ಲಿ ಹದಿನೈದು ಪಾಲು. ಒಂದು ಗುಲಗಂಜಿಯ ಸುಮಾರು ಎಂಟುನೂರನೆಯ ಒಂದು ಪಾಲು. ಆ ಕಣವನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಸುರಂಗವನ್ನು ಎತ್ತ ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುತ್ತಾರೆ. ಸಾವಿರಾರು ಕೂಲಿಗಾರರ ಅನ್ನ ಆ ಕಣದ ತೂಕವನ್ನು ನೆಚ್ಚಿಕೊಂಡಿರುತ್ತದೆ.

ಗಣಿ ಮುಚ್ಚಿತು; ಸೀಸದ ನ್ಯಾಯಪೀಠ ಮುಚ್ಚಿಲ್ಲ. ೨೦೨೧ರಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಮುದ್ರೆ ಕಡ್ಡಾಯವೆಂಬ ನಿಯಮ ಹಂತಹಂತವಾಗಿ ಜಾರಿಗೆ ಬಂದಿದೆ. ಮದುವೆಯ ಸರವನ್ನು ಕೊಳ್ಳುವಾಗ ಗೃಹಿಣಿ ಭೂತಗನ್ನಡಿಯಲ್ಲಿ ೯೧೬ ಎಂಬ ಅಂಕಿಯನ್ನು ಹುಡುಕುತ್ತಾಳಷ್ಟೆ. ಸಾವಿರಕ್ಕೆ ೯೧೬ ಪಾಲು ಚಿನ್ನವಿದೆ ಎಂಬುದನ್ನು ಮೊದಲು ಕಿರಣಗಳ ಯಂತ್ರದಿಂದ ನೋಡಬಹುದು; ಆದರೆ ಕಟ್ಟಕಡೆಯ ತೀರ್ಪು ಬೇಕಾದರೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿರುವುದು ಅದೇ ಹಳೆಯ ವಿಧಾನವನ್ನೇ. ಒಡವೆಯ ಒಂದು ಚೂರನ್ನು ಸೀಸದ ಹಾಳೆಯಲ್ಲಿ ಸುತ್ತಿ ಬೂದಿಯ ಬಟ್ಟಲಿನಲ್ಲಿಟ್ಟು ಕಾಯಿಸುತ್ತಾರೆ. ಬೆಳ್ಳಿಯ ತವರೂ ಬದಲಾಗಿಲ್ಲ. ನಮ್ಮ ದೇಶದಲ್ಲಿ ಇಂದು ಗಣಿಯಿಂದ ಬರುವ ಬೆಳ್ಳಿ ಬಹುಮಟ್ಟಿಗೆ ರಾಜಸ್ಥಾನದ ಸೀಸ-ಸತುವಿನ ಅದಿರಿನದು. ಆ ಪ್ರದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗಣಿಗಳಿದ್ದುವು. ಕರಗಿದ ಸೀಸದಲ್ಲಿ ಸತುವನ್ನು ಕಲಕಿದರೆ ಬೆಳ್ಳಿ ಸೀಸವನ್ನು ಬಿಟ್ಟು ಸತುವಿನ ಬೆನ್ನು ಹತ್ತಿ ಕೆನೆಯಂತೆ ಮೇಲೇಳುತ್ತದೆ ಎಂಬುದನ್ನು ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ೧೮೫೦ರಲ್ಲಿ ತೋರಿಸಿಕೊಟ್ಟ. ಅಂದಿನಿಂದ ಸೀಸವನ್ನೆಲ್ಲ ಭಸ್ಮಮಾಡುವ ಶ್ರಮ ತಪ್ಪಿದೆ. ಹಾಳಾದ ಟೆಲಿಫೋನು, ಗಣಕಯಂತ್ರಗಳ ಒಳಗಿನ ಚಿನ್ನವನ್ನು ಹಿಂದಕ್ಕೆ ಪಡೆಯಲು ಬೆಲ್ಜಿಯಮ್ಮಿನ ಹೋಬೋಕೆನ್ನಿನಂಥ ಕಾರ್ಖಾನೆಗಳಲ್ಲಿ ಈಗಲೂ ಸೀಸದ ಮಡುವನ್ನು ಬಳಸುತ್ತಾರೆ.

ತರಗತಿಯಲ್ಲಿ ‘ಪುಟವಿಟ್ಟ ಚಿನ್ನ’ ಎಂಬ ಮಾತು ಬಂದಾಗಲೆಲ್ಲ ನಾನು ಅದರ ಅರ್ಥವನ್ನು ಹೇಳಿ ಮುಂದಕ್ಕೆ ಹೋಗುವುದಿಲ್ಲ. ಕಷ್ಟದ ಬೆಂಕಿಯಲ್ಲಿ ಬೆಂದು ಗುಣ ಹೊಳೆಯಿತೆಂಬುದು ಕವಿಗಳ ಮಾತು. ಆದರೆ ಬರಿಯ ಬೆಂಕಿ ಚಿನ್ನವನ್ನು ಶುದ್ಧಿಮಾಡಲಾರದು. ಬೆಂಕಿಯಲ್ಲಿ ಇನ್ನೊಂದು ಲೋಹ ತಾನು ಭಸ್ಮವಾಗಿ, ಚಿನ್ನದ ಕೊಳೆಯನ್ನು ಹೊತ್ತು ಬೂದಿಯೊಳಗೆ ಇಳಿದುಹೋಗಬೇಕು. ಅಷ್ಟೇ ಅಲ್ಲ, ಆ ಬೆಂಕಿಯನ್ನು ಊದುವ ಮನುಷ್ಯನೊಬ್ಬ ಪಕ್ಕದಲ್ಲಿ ಇರಲೇಬೇಕು. ಸೀಸದ ಬಹುಪಾಲು ಬಟ್ಟಲಿಗೆ ಇಳಿದರೂ ಸ್ವಲ್ಪ ಭಾಗ ಹೊಗೆಯಾಗಿ ಏಳುತ್ತದೆ, ಮತ್ತು ಆ ಹೊಗೆ ಅವನ ಎದೆಗೆ ಹೋಗುತ್ತದೆ. ಸೀಸದ ಕೆಲಸಗಾರರ ಮುಖ ಬಿಳಿಚಿಕೊಂಡಿರುವುದನ್ನು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಇದು ಹಳೆಯ ಕಾಲದ ಮಾತೆಂದು ಸಮಾಧಾನಪಡುವಂತಿಲ್ಲ. ೨೦೧೦ರಲ್ಲಿ ನೈಜೀರಿಯ ದೇಶದ ಜಾಂಫಾರಾ ಪ್ರಾಂತದಲ್ಲಿ ಬಡ ಹಳ್ಳಿಗರು ಚಿನ್ನದ ಆಸೆಯಿಂದ ಅದಿರನ್ನು ಮನೆಯಂಗಳಕ್ಕೆ ತಂದು ಅರೆದರು. ಅದರಲ್ಲಿ ಚಿನ್ನದೊಡನೆ ಸೀಸವೂ ಇತ್ತು. ಆ ಧೂಳಿನಲ್ಲಿ ಆಡಿದ ನಾನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಮಕ್ಕಳ ಮೈಗೆ ಇಷ್ಟು ಸೀಸ ಸೇರಿದರೆ ಬಾಧಕವಿಲ್ಲ ಎನ್ನಬಹುದಾದ ಮಿತಿಯೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿಯೂ ಪೆಟ್ರೋಲಿನಿಂದ ಸೀಸವನ್ನು ಪೂರ್ತಿಯಾಗಿ ತೆಗೆದದ್ದು ೨೦೦೦ದಲ್ಲಿ. ಅಲ್ಲಿಯವರೆಗೆ ನಮ್ಮ ಬೀದಿಗಳಲ್ಲಿ ಓಡಾಡಿದವರೆಲ್ಲ ಅಷ್ಟಿಷ್ಟು ಉಸಿರಾಡಿದವರೇ.

ಸೀಸ ದುಷ್ಟ ಲೋಹವೆಂದು ಇದರ ತಾತ್ಪರ್ಯವಲ್ಲ. ಕಾವು ಕೊಟ್ಟಾಗ ಅದು ತನ್ನ ಧರ್ಮದಂತೆ ನಡೆಯುತ್ತದೆ. ಬೆಳ್ಳಿಬಂಗಾರಗಳನ್ನು ಬಾಚಿ ಕೊಡುತ್ತದೆ, ತೊಳೆದು ಕೊಡುತ್ತದೆ, ತೂಗಿ ಕೊಡುತ್ತದೆ. ತನಗಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅದು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವ ಹೊಣೆ ಮಾತ್ರ ಬೆಂಕಿ ಹಚ್ಚಿದವರದು. ಹೊಗೆಯನ್ನು ಹೀರುವ ಗೂಡು, ಸೀಸ ಹೀರಿದ ಬಟ್ಟಲುಗಳನ್ನು ಜೋಪಾನವಾಗಿ ವಿಲೇವಾರಿ ಮಾಡುವ ವ್ಯವಸ್ಥೆ, ಕೆಲಸಗಾರನ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸುವ ವೈದ್ಯ, ಇವೆಲ್ಲ ದೊಡ್ಡ ಪ್ರಯೋಗಶಾಲೆಗೆ ನಿಲುಕುತ್ತವೆ. ಪೇಟೆಯ ಓಣಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಹಳೆಯ ಒಡವೆಯನ್ನು ಕರಗಿಸಿ ಕೊಡುವ ಬಡ ಕಸುಬುದಾರನಿಗೆ ಅವು ನಿಲುಕುವುದು ಕಷ್ಟ. ಕೂಲಿಯಲ್ಲಿ ನಾಲ್ಕು ಕಾಸು ಉಳಿಸಲು ಅವನೊಡನೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ಆ ಕೋಣೆಗೆ ಒಂದು ಹೊಗೆಗಂಡಿ ಇದೆಯೇ ಎಂದು ತಲೆಯೆತ್ತಿ ನೋಡಿದರೆ ನಮ್ಮ ಒಡವೆಯ ತೂಕವೇನೂ ಕಡಮೆಯಾಗುವುದಿಲ್ಲ.